ಹೊಸ್ತಿಲ ಮುಂದಿನ ಜೋಳಿಗೆ

“ಗುರುಗಳೇ, ಕೊಡುವವನು ಏನನ್ನೂ ಕೇಳದೆ ಕೊಟ್ಟರೆ, ತೆಗೆದುಕೊಳ್ಳುವವನು ಕಳೆದುಕೊಳ್ಳುವುದೇನು?”

ಶಿಷ್ಯ ಇದನ್ನು ಕೇಳಿದ್ದು ಬೆಳಗಿನ ಹೊತ್ತು, ಗುರುಗಳ ಗುಡಿಸಲಿನ ನೆಲ ಗುಡಿಸುತ್ತಾ. ಅವನು ಈಗ ಅಲ್ಲಿಯ ವಿದ್ಯಾರ್ಥಿಯಲ್ಲ. ಒಂಬತ್ತು ವರ್ಷ ಅಲ್ಲಿ ಕಲಿತು, ಊರಿಗೆ ಮರಳಿ, ಜನರ ನಡುವೆ ದುಡಿದು, ತನ್ನ ಸೀಮೆಯ ಒಂದು ಪಕ್ಷಕ್ಕೆ ಮುಖಂಡನಾಗಿದ್ದ. ಆದರೂ ಗುರುಗಳನ್ನು ನೋಡಲು ಬಂದಾಗಲೆಲ್ಲ ಹಳೆಯ ರೂಢಿಯಂತೆ ಪೊರಕೆ ಹಿಡಿಯುತ್ತಿದ್ದ. ಮೂಲೆಯಲ್ಲಿ ನೆಲದ ಮೇಲೆ ಒಂದು ಹಳೆಯ ಜೋಳಿಗೆ ಇತ್ತು. ಅದನ್ನು ಎತ್ತಬಾರದು, ಅದರ ಸುತ್ತ ಗುಡಿಸಬೇಕು ಎಂದು ಮೊದಲ ದಿನವೇ ಅವನಿಗೆ ಹೇಳಿದ್ದರು. ಏಕೆಂದು ಅವನು ಕೇಳಿರಲಿಲ್ಲ. ಇಂದೂ ಸುತ್ತ ಗುಡಿಸಿದ.

“ಯಾರು ಕೊಡುತ್ತಿದ್ದಾರೆ?” ಎಂದರು ಗುರುಗಳು.

“ನಮ್ಮ ಸೀಮೆಯ ಎಣ್ಣೆ ಗಾಣಗಳೆಲ್ಲ ಯಾರವೋ ಅವರು. ಈ ಬಾರಿ ಪಕ್ಷದ ಖರ್ಚನ್ನೆಲ್ಲ ತಾವೇ ನೋಡಿಕೊಳ್ಳುತ್ತೇವೆ ಎಂದಿದ್ದಾರೆ. ನಿಮಗೇನು ಬೇಕು ಎಂದು ಮೂರು ಸಲ ಕೇಳಿದೆ. ಮೂರು ಸಲವೂ ನಕ್ಕರು. ಊರು ಚೆನ್ನಾಗಿರಲಿ, ಅಷ್ಟು ಸಾಕು ಎಂದರು. ನಾಳೆ ನಾನು ಉತ್ತರ ಹೇಳಬೇಕು. ಒಪ್ಪದಿದ್ದರೆ ನಮ್ಮ ಪಕ್ಷ ಈ ಬಾರಿ ಎದ್ದು ನಿಲ್ಲುವುದೂ ಕಷ್ಟ. ಗುರುಗಳೇ, ಅವರು ಸುಳ್ಳು ಹೇಳುವ ಮನುಷ್ಯರಲ್ಲ.”

“ಹೇಳಲಾರರು,” ಎಂದರು ಗುರುಗಳು. “ಪೊರಕೆ ಇಡು. ಕುಳಿತುಕೋ.”

ಶಿಷ್ಯ ಕುಳಿತ. ಗುರುಗಳು ಕತೆ ಹೇಳತೊಡಗಿದರು.

ಒಂದು ಊರಿತ್ತು. ನಡುವೆ ಹೊಳೆ. ಹೊಳೆಯ ಈಚೆ ಸಂತೆ, ಪೇಟೆ, ಚಾವಡಿ. ಆಚೆ ಕೈತೋಟಗಳು, ಸಣ್ಣ ಮನೆಗಳ ಕೇರಿ. ಎರಡನ್ನೂ ಕೂಡಿಸುವುದಕ್ಕೆ ಒಂದು ಸೇತುವೆ. ಸೇತುವೆಯ ಈಚೆ ತುದಿಯಲ್ಲಿ ಸುಂಕದ ಕಟ್ಟೆ. ಸಂತೆಗೆ ಬರುವ ಗಾಡಿಗಳು ಅಲ್ಲಿ ಸುಂಕ ಕೊಟ್ಟು ಮುಂದೆ ಹೋಗುತ್ತಿದ್ದವು. ತಲೆಯ ಮೇಲೆ ಬುಟ್ಟಿ ಹೊತ್ತು ಬರುವವರಿಗೆ ಸುಂಕವಿರಲಿಲ್ಲ.

ಊರಿನಲ್ಲಿ ಎರಡು ಪಕ್ಷಗಳಿದ್ದವು. ಮೂರು ವರ್ಷಕ್ಕೊಮ್ಮೆ ಜನ ಸಂತೆಯ ಮೈದಾನದಲ್ಲಿ ಸೇರಿ, ತಮಗೆ ಬೇಕಾದ ಪಕ್ಷದ ಯಜಮಾನನ ಹಿಂದೆ ಹೋಗಿ ನಿಲ್ಲುತ್ತಿದ್ದರು. ಯಾರ ಹಿಂದೆ ಹೆಚ್ಚು ಜನ ನಿಂತರೋ ಅವರು ಚಾವಡಿ ನಡೆಸುತ್ತಿದ್ದರು. ಸೋತವರೂ ಎದುರಿಗೆ ಕೂತು ಮಾತಾಡಬಹುದಿತ್ತು.

ಪಕ್ಷವೆಂದ ಮೇಲೆ ದುಡಿಯುವವರು ಬೇಕು. ದುಡಿಯುವವರಿಗೆ ಊಟ ಬೇಕು. ಆ ಊಟಕ್ಕಾಗಿ ಊರಿನಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲಿನ ಮೊದಲ ಸೋಮವಾರ ಪಕ್ಷದ ಯಜಮಾನ ತಾನೇ ಜೋಳಿಗೆ ಹಾಕಿಕೊಂಡು ಹೊರಡಬೇಕು. ಬೇರೆಯವರನ್ನು ಕಳುಹಿಸುವಂತಿಲ್ಲ. ಮನೆಗೆ ಒಂದು ಹಿಡಿ ರಾಗಿ. ದೊಡ್ಡ ಮನೆಗೂ ಒಂದೇ ಹಿಡಿ, ಗುಡಿಸಲಿಗೂ ಒಂದೇ ಹಿಡಿ. ಜೋಳಿಗೆಯನ್ನು ಹೆಗಲಿನಿಂದ ಇಳಿಸಿ ಹೊಸ್ತಿಲ ಮುಂದೆ ನೆಲಕ್ಕಿಡಬೇಕು. ಹಿಡಿ ಹಾಕಿದವರು ತಮ್ಮ ಮಾತು ಮುಗಿಸುವವರೆಗೆ ಅದನ್ನು ಮತ್ತೆ ಹೆಗಲಿಗೇರಿಸಬಾರದು. ಮಾತು ಏನಾದರೂ ಇರಲಿ. ಬೈಗುಳವಾದರೂ ಸರಿ, ಸೊಂಟನೋವಿನ ಕತೆಯಾದರೂ ಸರಿ. ಕೆಲವರು ಎರಡು ಮಾತಿನಲ್ಲಿ ಮುಗಿಸುತ್ತಿದ್ದರು. ಕೆಲವರು ಬಿಸಿಲು ನೆತ್ತಿಗೆ ಬಂದರೂ ಬಿಡುತ್ತಿರಲಿಲ್ಲ. ಹೀಗಾಗಿ ಸೋಮವಾರ ಹೊರಟವನಿಗೆ ಇಡೀ ಊರು ಮುಗಿಸುವುದಕ್ಕೆ ಹದಿನೈದು ದಿನ ಹಿಡಿಯುತ್ತಿತ್ತು.

ಎರಡು ಪಕ್ಷಗಳಲ್ಲಿ ಒಂದರ ಯಜಮಾನ ಒಳ್ಳೆಯವನು. ಕೆಲಸ ಬಲ್ಲವನು. ಆದರೆ ಈ ತಿರುಗಾಟ ಅವನಿಗೆ ಸಾಕಾಗಿತ್ತು. ಹದಿನೈದು ದಿನ ಬಾಗಿಲು ಬಾಗಿಲಿಗೆ ನಿಂತು ಕೇಳಿದ್ದರಲ್ಲಿ ಚಾವಡಿಗೆ ಬೇಕಾದದ್ದು ಎಷ್ಟು ಎಂದು ಹೆಂಡತಿಯ ಹತ್ತಿರ ಗೊಣಗುತ್ತಿದ್ದ.

ಅವನ ದಾರಿಯ ಕೊನೆಯ ಮನೆ ಹೊಳೆಯಾಚೆಯ ಕೇರಿಯಲ್ಲಿ, ಸೊಪ್ಪು ಮಾರುವ ಒಬ್ಬ ಹೆಂಗಸಿನದು. ಅಲ್ಲಿಗೆ ಬರುವ ಹೊತ್ತಿಗೆ ಅವನ ಕಾಲು ಸೋತಿರುತ್ತಿತ್ತು. ಆಕೆ ಅವನನ್ನು ಕಂಡ ಕೂಡಲೇ ಜಗಲಿಗೆ ನೀರು ಚಿಮುಕಿಸಿ ಒರೆಸುತ್ತಿದ್ದಳು.

“ಬಂದ್ರಾ ಯಜಮಾನ್ರೇ? ಹೋದ ಸೋಮವಾರದಿಂದ ಕಾಯ್ತಾ ಇದೀನಿ. ನನ್ನ ಗಂಡ ಬದುಕಿದ್ದಾಗ ಅವನಿಗೂ ಇಷ್ಟು ಕಾದವಳಲ್ಲ ನಾನು.”

“ಕೊನೇ ಮನೆ ಅಲ್ವೇನವ್ವಾ. ತಡ ಆಗುತ್ತೆ.”

“ಕೊನೇ ಮನೆ ಆದ್ದರಿಂದಲೇ ನಿಮಗೆ ಮುಂದೆ ಹೋಗೋ ಅವಸರ ಇಲ್ಲ. ಕೂತ್ಕೊಳ್ಳಿ. ಕಾಲು ನೋವು ಅಂತ ಮುಖದಲ್ಲೇ ಕಾಣ್ತಾ ಇದೆ.”

ಹಿಡಿ ರಾಗಿ ಹಾಕಿ ಆಕೆ ಮಾತಿಗೆ ಶುರುಮಾಡುತ್ತಿದ್ದಳು. ಮೇಕೆ ಈದ ಸುದ್ದಿ, ಪಕ್ಕದ ಮನೆಯ ಜಗಳ, ಈ ಸಲ ದಂಟಿಗೆ ಬಿದ್ದ ಹುಳು. ನಡುವೆ ಎಲ್ಲೋ, ಸೇತುವೆಯ ಮೂರನೆಯ ಹಲಗೆ ಅಲುಗಾಡುತ್ತದೆ ಎಂಬ ಮಾತು. ಕೇರಿಯ ಬಾವಿಯ ರಾಟೆ ಸವೆದಿದೆ, ಬಸುರಿಯರು ಸೇದುವುದು ಕಷ್ಟ ಎಂಬ ಮಾತು. ಅವನು ಆಕಳಿಸುತ್ತಾ ಕೇಳುತ್ತಿದ್ದ. ಆಮೇಲೆ ಚಾವಡಿಯಲ್ಲಿ ಅವನ ಬಾಯಿಂದ ಬಂದ ಒಳ್ಳೆಯ ಮಾತುಗಳಲ್ಲಿ ಅರ್ಧದಷ್ಟು ಆ ಹೊಸ್ತಿಲಿನಿಂದ ಬಂದವೇ ಆಗಿದ್ದವು. ಅವನಿಗೆ ಅದು ತಿಳಿದಿರಲಿಲ್ಲ. ಅವು ತನ್ನವೇ ಯೋಚನೆಗಳು ಎಂದುಕೊಂಡಿದ್ದ.

ಆಕೆಗೆ ಒಬ್ಬ ಮಗಳು, ಚೆಲುವಿ. ಅವನು ಮೊದಲ ವರ್ಷ ಹೋದಾಗ ತೊಟ್ಟಿಲಲ್ಲಿದ್ದವಳು. ನಾಲ್ಕು ವರ್ಷದವಳಾದಾಗ, ತಾಯಿ ರಾಗಿ ಹಾಕಿದ ಮೇಲೆ ತಾನೂ ಮುಷ್ಟಿ ತುಂಬಿಕೊಂಡು ಬಂದಳು.

“ಮನೆಗೆ ಒಂದೇ ಹಿಡಿ ಕಣವ್ವಾ,” ಎಂದ ಯಜಮಾನ.

“ನಾನು ಮನೆ ಅಲ್ಲ. ನಾನು ಚೆಲುವಿ.”

ಅವನು ನಕ್ಕು ಜೋಳಿಗೆಯ ಬಾಯಿ ತೆರೆದು ಹಿಡಿದ. ಅಂದಿನಿಂದ ಆ ಒಂದು ಮನೆಯಲ್ಲಿ ಮಾತ್ರ ಎರಡು ಹಿಡಿ ಬೀಳುತ್ತಿತ್ತು. ಒಂದು ದೊಡ್ಡದು, ಒಂದು ಚಿಕ್ಕದು. ಹತ್ತನೆಯ ವರ್ಷ ಹೋದಾಗ ಅವಳು ತಲೆಯ ಮೇಲೆ ಖಾಲಿ ಬುಟ್ಟಿ ಇಟ್ಟುಕೊಂಡು, ಎರಡೂ ಕೈ ಬಿಟ್ಟು, ಅಂಗಳದ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿದಳು. ಬುಟ್ಟಿ ಅಲುಗಲಿಲ್ಲ.

ಶಿಷ್ಯ ಒಂದು ಸಂಗತಿಯನ್ನು ಗಮನಿಸಿದ. ಒಂಬತ್ತು ವರ್ಷದಲ್ಲಿ ಅವನು ಕೇಳಿದ ಗುರುಗಳ ಯಾವ ಕತೆಯಲ್ಲೂ ಯಾರಿಗೂ ಹೆಸರಿರಲಿಲ್ಲ. ರೈತ, ವರ್ತಕ, ರಾಜ, ಅಷ್ಟೇ. ಅವನು ತಲೆಯೆತ್ತಿ ನೋಡಿದ. ಗುರುಗಳು ಗುಡಿಸಲಿನ ಬಾಗಿಲಾಚೆ ಹರಿಯುವ ಹೊಳೆಯ ಕಡೆ ನೋಡುತ್ತಿದ್ದರು.

ಹನ್ನೊಂದನೆಯ ವರ್ಷದ ಆ ಸೋಮವಾರ ಎಂದಿನಂಥದೇ ಒಂದು ದಿನ. ಹಸು ಕರೆದಾಗಿತ್ತು. ಹೆಂಡತಿ ಜೋಳಿಗೆಯ ಹರಿದ ಕಡೆ ತೇಪೆ ಹಾಕಿ ಕೊಟ್ಟಿದ್ದಳು. ಹಿಂದಿನ ದಿನ ಯಜಮಾನನ ಅಂಗಾಲಿಗೆ ಮುಳ್ಳು ಹೊಕ್ಕು ಬಾತುಕೊಂಡಿತ್ತು. ಅವನು ಗೋಡೆ ಹಿಡಿದು ಹೊರಗೆ ಬರುವ ಹೊತ್ತಿಗೆ ಬಾಗಿಲಲ್ಲಿ ಒಂದು ಎತ್ತಿನ ಗಾಡಿ ನಿಂತಿತ್ತು. ಪಕ್ಕದಲ್ಲಿ ಪೇಟೆಯ ವರ್ತಕ. ಸಂತೆಗೆ ಬರುವ ಗಾಡಿಗಳಲ್ಲಿ ಬಹುಪಾಲು ಅವನವೇ.

“ಏನಿದು ಸಾಹುಕಾರ್ರೇ?”

“ರಾಗಿ. ಇನ್ನೇನು, ನಿಮ್ಮ ಮನೆಗೆ ಮರಳು ತರ್ತೀನಾ?” ಎಂದ ವರ್ತಕ. “ಈ ಕಾಲಲ್ಲಿ ಕುಂಟ್ಕೊಂಡು ಇನ್ನೂರು ಮನೆ ತಿರುಗ್ತೀರಾ? ಹಿಡಿ ಹಿಡಿ ರಾಗಿಗೆ? ನೀವು ಊರಿನ ಬಗ್ಗೆ ಯೋಚನೆ ಮಾಡೋರು. ಹದಿನೈದು ದಿನ ಮನೇಲಿ ಕೂತು ಅದನ್ನೇ ಮಾಡಿ.”

“ಮನೆಗೆ ಒಂದೇ ಹಿಡಿ ಅನ್ನೋ ಪದ್ಧತಿ ಇದೆಯಲ್ಲ.”

ವರ್ತಕ ಮೂಟೆಯಿಂದ ಒಂದು ಹಿಡಿ ತೆಗೆದು ಜೋಳಿಗೆಗೆ ಹಾಕಿದ. “ಆಯ್ತು, ನನ್ನ ಹಿಡಿ ಇದು. ಗಾಡೀಲಿರೋದು ಸುಮ್ಮನೆ ಕೊಟ್ಟಿದ್ದು.”

ಯಜಮಾನ ಪದ್ಧತಿಯಂತೆ ಜೋಳಿಗೆಯನ್ನು ನೆಲಕ್ಕಿಟ್ಟ. “ನಿಮ್ಮ ಮಾತು ಹೇಳಿ. ಏನು ಬೇಕು?”

“ನನ್ನದೇನೂ ಮಾತಿಲ್ಲ. ಎತ್ತಿಕೊಳ್ಳಿ,” ಎಂದ ವರ್ತಕ. “ಮಜ್ಜಿಗೆ ಇದ್ರೆ ಒಂದು ಲೋಟ ಕೊಡಿ, ಬಿಸಿಲು.”

ಅವನು ಮಜ್ಜಿಗೆ ಕುಡಿದ. ಮೀಸೆ ಒರೆಸಿಕೊಂಡು, ಮುಳ್ಳಿಗೆ ಎಕ್ಕದ ಹಾಲು ಹಚ್ಚಿ ಎಂದು ಹೇಳಿ ಹೊರಟುಹೋದ. ಅದೇ ಬೆಳಿಗ್ಗೆ ಇನ್ನೊಂದು ಪಕ್ಷದ ಯಜಮಾನನ ಬಾಗಿಲಿಗೂ ಅಂಥದೇ ಒಂದು ಗಾಡಿ ಹೋಗಿತ್ತೆಂದು ಸಂಜೆಗೆ ಗೊತ್ತಾಯಿತು.

ಎಂಟು ದಿನಕ್ಕೆ ಕಾಲು ವಾಸಿಯಾಯಿತು. ಯಜಮಾನ ಜೋಳಿಗೆಯನ್ನು ಗೂಟದಿಂದ ತೆಗೆದ. ಆಗ ಅವನಿಗೆ ನಾಚಿಕೆಯಾಯಿತು. ಮನೆಯಲ್ಲಿ ಕಣಜ ತುಂಬಿ ತುಳುಕುತ್ತಿದೆ. ಅದನ್ನಿಟ್ಟುಕೊಂಡು ಸೊಪ್ಪು ಮಾರುವವಳ ಒಂದು ಹಿಡಿಗೆ ಕೈಯೊಡ್ಡುವುದೇ? ಇಷ್ಟು ವರ್ಷ ಬಡವರಿಂದ ತೆಗೆದುಕೊಂಡದ್ದು ಸಾಕು, ಇನ್ನಾದರೂ ಅವರ ರಾಗಿ ಅವರ ಮಡಕೆಯಲ್ಲೇ ಇರಲಿ ಎಂದುಕೊಂಡ. ಜೋಳಿಗೆಯನ್ನು ಮತ್ತೆ ಗೂಟಕ್ಕೆ ಹಾಕಿದ. ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನವೂ ಆಯಿತು.

ತಿಂಗಳ ಮೇಲೆ ಸಂತೆಯಲ್ಲಿ ಸೊಪ್ಪಿನ ಹೆಂಗಸು ಅವನನ್ನು ಕಂಡು ಕೂಗಿದಳು.

“ಯಜಮಾನ್ರೇ, ನಮ್ಮ ಕೇರಿ ದಾರಿ ಮರೆತುಹೋಯ್ತಾ?”

“ಇಲ್ಲವ್ವಾ. ಇನ್ನು ಮೇಲೆ ನಿಮಗೆ ಆ ತೊಂದರೆ ಬೇಡ ಅಂತ.”

“ಯಾರಿಗೆ ತೊಂದರೆ? ನಿಮ್ಮ ಹಿಡಿ ರಾಗೀನ ಮೊರದಲ್ಲಿ ಹಾಗೇ ಇಟ್ಟಿದೀನಿ. ಕೋಳಿ ಬಾಯಿ ಹಾಕದ ಹಾಗೆ ಕಾಯೋದೇ ನನಗೆ ತೊಂದರೆ ಆಗಿರೋದು.”

ಸುತ್ತಲಿದ್ದವರು ನಕ್ಕರು. ಅವನೂ ನಕ್ಕ. ಮುಂದಿನ ವರ್ಷ ಖಂಡಿತ ಬರುತ್ತೇನೆ ಎಂದ. ಹಾಗೆ ಹೇಳುವಾಗ ಅದು ಅವನ ಮನಸ್ಸಿನಲ್ಲೂ ಇತ್ತು.

ಮುಂದಿನ ವರ್ಷ ಮತ್ತೆ ಗಾಡಿ ಬಂತು. ಹಿಡಿ ರಾಗಿಯ ಕಾಲದಲ್ಲಿ ಪಕ್ಷದ ಅಡುಗೆಮನೆಯಲ್ಲಿ ನಾಲ್ಕು ಜನ ಉಣ್ಣುತ್ತಿದ್ದರು. ಈಗ ನಲವತ್ತು ಜನ ಸಾಲಾಗಿ ಕೂರುತ್ತಿದ್ದರು. ಬಣ್ಣದ ಬಾವುಟಗಳು ಬಂದವು. ಡೋಲು ಬಂತು. ಆಯ್ಕೆಯ ದಿನದ ಹಿಂದೆ ಮುಂದೆ ಊಟ ಹಾಕಿಸುವ ಹೊಸ ರೂಢಿ ಬಂತು. ಆ ಪಕ್ಷ ಒಬ್ಬಟ್ಟು ಹಾಕಿಸಿದರೆ ಈ ಪಕ್ಷ ಲಾಡು ಹಾಕಿಸಬೇಕಾಯಿತು. ಮೂರನೆಯ ವರ್ಷಕ್ಕೆ ಒಂದು ಗಾಡಿ ಸಾಲದೆ ಎರಡು ಗಾಡಿ ಬಂದವು. ವರ್ತಕ ಅದಕ್ಕೂ ಏನೂ ಕೇಳಲಿಲ್ಲ. ಬರುತ್ತಿದ್ದ, ಮಜ್ಜಿಗೆ ಕುಡಿಯುತ್ತಿದ್ದ, ಹೋಗುತ್ತಿದ್ದ.

ಒಮ್ಮೆ ಯಜಮಾನ ಜೋಳಿಗೆಯನ್ನು ಕೈಗೆ ತೆಗೆದುಕೊಂಡು ಯೋಚಿಸಿದ. ಮನೆ ಮನೆಗೆ ಹೋದರೆ ನಾಲ್ಕು ಜನಕ್ಕಾಗುವಷ್ಟು ರಾಗಿ ಬರುತ್ತದೆ. ಉಳಿದ ಮೂವತ್ತಾರು ಜನ ಎದ್ದು ಎದುರಿನ ಪಕ್ಷದ ಪಂಕ್ತಿಗೆ ಹೋಗುತ್ತಾರೆ. ಅವನು ಜೋಳಿಗೆಯ ಧೂಳು ಕೊಡವಿ ಮತ್ತೆ ಗೂಟಕ್ಕೆ ಹಾಕಿದ.

ಆದರೆ ಸುಗ್ಗಿ ಮುಗಿಯುವ ಕಾಲಕ್ಕೆ ಅವನ ಕಾಲು ಸುಮ್ಮನಿರುತ್ತಿರಲಿಲ್ಲ. ಯಾವುದನ್ನು ಬೇಸರವೆಂದು ಗೊಣಗುತ್ತಿದ್ದನೋ ಅದಕ್ಕಾಗಿಯೇ ಮನಸ್ಸು ಎಳೆಯುತ್ತಿತ್ತು. ಸಂಜೆ ಸೇತುವೆಯ ಈಚೆ ತುದಿಗೆ ಬಂದು ನಿಲ್ಲುತ್ತಿದ್ದ. ಆಚೆಯ ಕೇರಿಯಲ್ಲಿ ಒಲೆಗಳ ಹೊಗೆ ಏಳುವುದನ್ನು ನೋಡುತ್ತಿದ್ದ. ಇದು ಕಂಬಳಿ ನೇಯುವವನ ಮನೆ, ಇದು ಕಿವುಡಜ್ಜಿಯ ಮನೆ ಎಂದು ಮನಸ್ಸಿನಲ್ಲೇ ಗುರುತು ಹಿಡಿಯುತ್ತಾ ಕೊನೆಯ ಹೊಗೆಯವರೆಗೆ ಹೋಗುತ್ತಿದ್ದ. ಸೇತುವೆ ದಾಟಿ ಹೋಗಬಹುದಿತ್ತು. ಯಾರೂ ತಡೆದಿರಲಿಲ್ಲ. ಆದರೆ ಜೋಳಿಗೆಯಿಲ್ಲದೆ ಆ ಬಾಗಿಲುಗಳಿಗೆ ಏನೆಂದು ಹೋಗಿ ನಿಲ್ಲುವುದು ಎಂದು ಅವನಿಗೆ ತಿಳಿಯಲಿಲ್ಲ. ವರ್ಷ ವರ್ಷಕ್ಕೆ ಒಂದೊಂದು ಹೊಗೆಯ ಗುರುತು ತಪ್ಪತೊಡಗಿತು.

ಗಾಡಿ ಬರತೊಡಗಿದ ಐದನೆಯ ವರ್ಷ ಸಂತೆಯ ದಾರಿ ಕೆಟ್ಟುಹೋಯಿತು. ತುಂಬಿದ ಗಾಡಿಗಳು ಓಡಾಡಿ ಮೊಳಕಾಲುದ್ದ ಗುಂಡಿ ಬಿದ್ದಿದ್ದವು. ದಾರಿ ಸರಿ ಮಾಡಿಸಲು ಚಾವಡಿಯಲ್ಲಿ ಸಭೆ ಕೂಡಿತು. ಆ ವರ್ಷ ಚಾವಡಿ ನಡೆಸುತ್ತಿದ್ದದ್ದು ಇವನ ಪಕ್ಷ. ವರ್ತಕ ಆ ದಿನ ಊರಿನಲ್ಲೇ ಇರಲಿಲ್ಲ. ಮೊಮ್ಮಗುವನ್ನು ನೋಡಲೆಂದು ಬೀಗರ ಊರಿಗೆ ಹೋಗಿದ್ದ.

“ಗಾಡಿಗಳಿಂದ ಕೆಟ್ಟ ದಾರಿ. ಗಾಡಿಯ ಸುಂಕ ಸ್ವಲ್ಪ ಏರಿಸಿದರೆ ಆಗದೇ?” ಎಂದ ಒಬ್ಬ ಮುದುಕ.

ಯಾರೂ ಮಾತಾಡಲಿಲ್ಲ. ಈ ಪಕ್ಷದವರೂ ಮಾತಾಡಲಿಲ್ಲ, ಆ ಪಕ್ಷದವರೂ ಮಾತಾಡಲಿಲ್ಲ. ಎಲ್ಲರೂ ತಮ್ಮ ತಮ್ಮ ಕೈಬೆರಳುಗಳನ್ನು ನೋಡಿಕೊಳ್ಳುತ್ತಿದ್ದರು. ಯಜಮಾನ ಕಣ್ಣು ಮುಚ್ಚಿ, ನ್ಯಾಯವಾದದ್ದು ಯಾವುದು ಎಂದು ಯೋಚಿಸಿದ. ನಿಜವಾಗಿಯೂ ಯೋಚಿಸಿದ. ಗಾಡಿ ಎಂದಾಗ ಅವನ ಮನಸ್ಸಿಗೆ ಒಂದು ಮುಖ ಬಂತು, ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡ ಮುಖ. ತಲೆಹೊರೆ ಎಂದಾಗ ಯಾವ ಮುಖವೂ ಬರಲಿಲ್ಲ.

“ದಾರಿ ಎಲ್ಲರದು. ಎಲ್ಲರೂ ಸ್ವಲ್ಪ ಸ್ವಲ್ಪ ಹೊರಲಿ,” ಎಂದ ಅವನು. “ಗಾಡಿಯ ಸುಂಕ ಇದ್ದ ಹಾಗೇ ಇರಲಿ. ತಲೆಹೊರೆಯವರೂ ಬುಟ್ಟಿಗೆ ನಾಲ್ಕು ಕಟ್ಟು ಸೊಪ್ಪೋ ಕಾಯಿಯೋ ಕಟ್ಟೆಯಲ್ಲಿ ಕೊಟ್ಟುಹೋಗಲಿ.”

ಕೇಳುವುದಕ್ಕೆ ಅದು ಸಮವಾಗಿಯೇ ಇತ್ತು. ಅವನು ಏನು ಹೇಳಿದರೂ ಎದ್ದು ನಿಂತು ಬೇಡ ಎನ್ನುತ್ತಿದ್ದ ಎದುರು ಪಕ್ಷದವರು ಅಂದು ಒಂದೇ ಬಾಯಿಯಲ್ಲಿ ಒಪ್ಪಿದರು. ಮುದುಕ ಮಾತ್ರ ಬುಟ್ಟಿಯಲ್ಲಿ ಇರುವುದೇ ಇಪ್ಪತ್ತು ಕಟ್ಟು ಎಂದ. ಅಷ್ಟರಲ್ಲಿ ಜನ ಎದ್ದು ರುಮಾಲು ಕೊಡವಿಕೊಳ್ಳುತ್ತಿದ್ದರು.

ದಾರಿ ಸರಿಹೋಯಿತು. ಕೆಲವು ತಿಂಗಳ ಮೇಲೆ ಸುಂಕದ ಕಟ್ಟೆಯವನು ಬಂದು, ಸೇತುವೆಯ ಮೇಲೆ ಬುಟ್ಟಿಗಳು ಬರುವುದು ಕಡಿಮೆಯಾಗಿದೆ ಎಂದು ಹೇಳಿದ. ಈ ವರ್ಷ ಸೊಪ್ಪಿನ ಬೆಳೆ ಸರಿಯಾಗಿಲ್ಲ ಎಂದು ಚಾವಡಿಯವರು ತೀರ್ಮಾನಿಸಿದರು. ಸಂತೆಯಲ್ಲಿ ಸೊಪ್ಪು ಎಂದಿನಷ್ಟೇ ಇತ್ತು. ಅದನ್ನು ಯಾರೂ ಹೋಗಿ ನೋಡಲಿಲ್ಲ.

ಏಳನೆಯ ವರ್ಷದ ಆಷಾಢ. ಒಂದು ಬೆಳಿಗ್ಗೆ ಯಜಮಾನ ಸೇತುವೆಯ ಹತ್ತಿರ ನಿಂತಿದ್ದ. ಊರಿನಲ್ಲಿ ಮಳೆಯಿರಲಿಲ್ಲ. ಆದರೆ ಮೇಲೆ ಎಲ್ಲೋ ಸುರಿದು ಹೊಳೆ ಒಮ್ಮೆಗೇ ಕೆಂಪಾಗಿ ಏರಿ ಬಂತು. ನೀರಿನ ಮೇಲೆ ಒಂದು ಬಿದಿರಿನ ಬುಟ್ಟಿ ತೇಲಿಬಂತು. ಕಟ್ಟೆಯವನು ಉದ್ದನೆಯ ಗಳು ಚಾಚಿ ಅದನ್ನು ದಡಕ್ಕೆ ಎಳೆದ. ಬುಟ್ಟಿಯ ತಳದಲ್ಲಿ ಕಟ್ಟು ಬಿಚ್ಚದ ಸೊಪ್ಪು ಇತ್ತು.

“ಮೇಲ್ಗಡೆ ದಾಟ್ತಾ ಇದ್ದರು ಅಂತ ಕಾಣುತ್ತೆ,” ಎಂದ ಕಟ್ಟೆಯವನು.

“ಅಲ್ಲಿ ಯಾಕೆ ದಾಟ್ತಾರೆ? ಸೇತುವೆ ಇದೆಯಲ್ಲ.”

ಕಟ್ಟೆಯವನು ಅವನ ಮುಖ ನೋಡಿದ. “ಸೇತುವೆ ಮೇಲೆ ಬಂದ್ರೆ ನಾಲ್ಕು ಕಟ್ಟು ಇಲ್ಲಿ ಬಿಟ್ಟು ಹೋಗಬೇಕಲ್ಲ ಯಜಮಾನ್ರೇ. ಎರಡು ವರ್ಷದಿಂದ ಹೆಂಗಸರು ಅಲ್ಲೇ, ನೀರು ಆಳ ಇಲ್ಲದ ಕಡೆ ದಾಟೋದು. ಇಡೀ ಕೇರಿಗೆ ಗೊತ್ತು. ನಿಮಗೆ ಗೊತ್ತಿಲ್ವಾ?”

ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಮಡುವಿನಲ್ಲಿ ಚೆಲುವಿ ಸಿಕ್ಕಳು. ಹದಿನೇಳು ವರ್ಷ ಅವಳಿಗೆ. ತಾಯಿಗೆ ಮೊಣಕಾಲು ಹಿಡಿದುಕೊಂಡ ಮೇಲೆ ಅವಳೇ ಬುಟ್ಟಿ ಹೊರುತ್ತಿದ್ದಳಂತೆ.

ಯಜಮಾನ ನೇರವಾಗಿ ವರ್ತಕನ ಮನೆಗೆ ಹೋದ. ವರ್ತಕನಿಗೆ ಸುದ್ದಿ ಆಗಲೇ ಮುಟ್ಟಿತ್ತು. ಅವನು ಊಟಕ್ಕೆ ಎದ್ದಿರಲಿಲ್ಲ. ಕಣ್ಣು ಕೆಂಪಾಗಿತ್ತು.

“ತಲೆಹೊರೆಗೆ ಸುಂಕ ಹಾಕಿ ಅಂತ ನಾನು ಹೇಳಿದ್ದೆನೇ?” ಎಂದ ವರ್ತಕ.

“ಇಲ್ಲ.”

“ಗಾಡಿಗೆ ಏರಿಸಬೇಡಿ ಅಂತ ಹೇಳಿದ್ದೆನೇ?”

“ಇಲ್ಲ.”

“ಒಂದು ಮಾತು ಕೇಳಿದ್ದರೆ ಕೊಡ್ತಿದ್ದೆನಲ್ಲ ಯಜಮಾನ್ರೇ. ನನಗೆ ಅದೊಂದು ಲೆಕ್ಕವೇ? ಕೊಡ್ತಿದ್ದೆ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಯಜಮಾನನಿಗೆ ಅದು ಗೊತ್ತಿತ್ತು. ಅವನು ಎದ್ದು ಮನೆಗೆ ಬಂದ. ಮೂರು ದಿನ ಹೊಸ್ತಿಲ ಹೊರಗೆ ಕಾಲಿಡಲಿಲ್ಲ. ನಾಲ್ಕನೆಯ ದಿನ ಗೂಟದಿಂದ ಜೋಳಿಗೆ ತೆಗೆದು ಹೆಗಲಿಗೆ ಹಾಕಿಕೊಂಡು ಸೇತುವೆ ದಾಟಿದ. ಅದು ಸುಗ್ಗಿಯ ಕಾಲವಲ್ಲ, ಸೋಮವಾರವೂ ಅಲ್ಲ. ಆದರೆ ಆ ಬಾಗಿಲಿನ ಮುಂದೆ ನಿಲ್ಲುವುದಕ್ಕೆ ಅವನಿಗೆ ಗೊತ್ತಿದ್ದ ದಾರಿ ಅದೊಂದೇ.

ಕೇರಿಯ ಜನ ಬಾಗಿಲಿಗೆ ಬಂದು ಅವನನ್ನು ನೋಡಿದರು. ಯಾರೂ ಕರೆಯಲಿಲ್ಲ, ಯಾರೂ ಬೈಯಲಿಲ್ಲ. ಅವನು ಕೊನೆಯ ಮನೆಯವರೆಗೆ ನಡೆದುಹೋದ. ಆಕೆ ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕುಳಿತಿದ್ದಳು. ಅವನು ಜೋಳಿಗೆಯನ್ನು ನೆಲಕ್ಕಿಟ್ಟು ಬಾಯಿ ತೆರೆದು ಹಿಡಿದ. ಬೈದರೆ ಸಾಕು ಎಂದುಕೊಂಡ. ಶಪಿಸಿದರೆ ಇನ್ನೂ ಒಳ್ಳೆಯದು ಎಂದುಕೊಂಡ.

ಆಕೆ ಅವನನ್ನೂ ಜೋಳಿಗೆಯನ್ನೂ ನೋಡಿದಳು. ಮೊಣಕಾಲಿನ ಮೇಲೆ ಕೈಯೂರಿ ಎದ್ದು ಒಳಗೆ ಹೋದಳು. ಒಂದು ಹಿಡಿ ರಾಗಿ ತಂದು ಹಾಕಿದಳು.

ಅವನು ಅಭ್ಯಾಸದಿಂದ ಜೋಳಿಗೆಯ ಬಾಯಿಯನ್ನು ಇನ್ನೂ ಸ್ವಲ್ಪ ಹೊತ್ತು ತೆರೆದೇ ಹಿಡಿದಿದ್ದ. ಆಮೇಲೆ ಕೈ ಬಿಟ್ಟ.

ಆಕೆ ಒಳಗೆ ಹೋಗಿ ಮತ್ತೆ ಗೋಡೆಗೆ ಒರಗಿ ಕುಳಿತಳು. ಬಾಗಿಲು ಹಾಕಲಿಲ್ಲ. ಮಾತಾಡಲಿಲ್ಲ. ಅವನು ಸಂಜೆಯವರೆಗೆ ನಿಂತ. ಕತ್ತಲಾದಾಗ ಜೋಳಿಗೆಯನ್ನು ಅಲ್ಲೇ ಬಿಟ್ಟು ಮನೆಗೆ ಹೋದ. ಮರುದಿನ ಬೆಳಿಗ್ಗೆ ಬಂದಾಗ ಅಂಗಳ ಗುಡಿಸಿಯಾಗಿತ್ತು. ಆಕೆ ಜೋಳಿಗೆಯನ್ನು ಸರಿಸದೆ ಅದರ ಸುತ್ತ ಗುಡಿಸಿದ್ದಳು. ಆ ದಿನವೂ ಅವನು ಕಾದ. ಅದರ ಮರುದಿನವೂ ಕಾದ.

ತಲೆಹೊರೆಯ ಸುಂಕವನ್ನು ಆ ತಿಂಗಳೇ ತೆಗೆದರು. ಅವನು ಪಕ್ಷ ಬಿಟ್ಟ. ಅವನ ಜಾಗಕ್ಕೆ ಬೇರೊಬ್ಬ ಬಂದ. ಗಾಡಿ ಅವನ ಬಾಗಿಲಿಗೆ ಹೋಗತೊಡಗಿತು. ಇವನು ದಿನವೂ ಸೇತುವೆ ದಾಟಿ ಬಂದು ಆ ಜಗಲಿಯ ತುದಿಯಲ್ಲಿ ಕೂರುತ್ತಿದ್ದ. ಆಕೆ ಅವನಿಗೆ ನೀರು ಕೊಡುತ್ತಿದ್ದಳು. ಬಿಸಿಲಾದರೆ ನೆರಳಿಗೆ ಸರಿಯಿರಿ ಎಂಬಂತೆ ಕೈ ತೋರಿಸುತ್ತಿದ್ದಳು. ಮೇಕೆಯ ಸುದ್ದಿ ಹೇಳಲಿಲ್ಲ. ಪಕ್ಕದ ಮನೆಯ ಜಗಳದ ಸುದ್ದಿ ಹೇಳಲಿಲ್ಲ. ಅವನಿಗೆ ಆ ಮಾತುಗಳೇ ಬೇಕಾಗಿದ್ದವು. ದಂಟಿಗೆ ಹುಳು ಬಿದ್ದಿದೆ ಎಂದು ಆಕೆ ಒಮ್ಮೆ ಹೇಳಲಿ ಎಂದು ಅವನು ಆ ಜಗಲಿಯಲ್ಲಿ ಕೂತು ಎಷ್ಟು ಆಸೆಪಟ್ಟನೆಂದರೆ, ಮೊದಲು ಆಕಳಿಸುತ್ತಾ ಕೇಳಿದ ಪ್ರತಿಯೊಂದು ಮಾತನ್ನೂ ನೆನಪು ಮಾಡಿಕೊಂಡು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಒಂದು ವರ್ಷ ಹಾಗೆ ಹೋಯಿತು. ಒಂದು ಬೆಳಿಗ್ಗೆ ಬಂದಾಗ ಕೇರಿಯವರು ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು. ಆಕೆ ನಿದ್ದೆಯಲ್ಲೇ ಹೋಗಿದ್ದಳು. ಅವನೂ ಹೆಗಲು ಕೊಟ್ಟ. ಮಣ್ಣು ಮಾಡಿ ಬಂದ ಮೇಲೆ ಜನ ಚದುರಿದರು. ಹೊಸ್ತಿಲ ಮುಂದೆ ಜೋಳಿಗೆ ಹಾಗೇ ಇತ್ತು. ಅವನು ಅದನ್ನು ಹೆಗಲಿಗೇರಿಸದೆ, ಎರಡೂ ಕೈಗಳಲ್ಲಿ ಎತ್ತಿ ಎದೆಗೆ ಹಿಡಿದುಕೊಂಡು ಊರಿನ ಹೊರಗೆ ನಡೆದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಹೊರಗೆ ಹೊಳೆಯ ಸದ್ದು ಕೇಳುತ್ತಿತ್ತು. ಕತೆ ಮುಂದುವರಿಯಲಿಲ್ಲ.

“ಆ ಒಂದು ವರ್ಷದಲ್ಲಿ ಆಕೆ ಒಮ್ಮೆಯೂ ಮಾತಾಡಲಿಲ್ಲವೇ?” ಎಂದು ಶಿಷ್ಯ ಕೇಳಿದ.

“ಮಾತಾಡಿದ್ದರೆ, ಆ ಜೋಳಿಗೆಯ ಸುತ್ತ ಗುಡಿಸು ಎಂದು ನಿನಗೆ ನಾನು ಹೇಳಬೇಕಾಗುತ್ತಿರಲಿಲ್ಲ.”

ಶಿಷ್ಯ ಎದ್ದು ಹೋಗಿ ಮೂಲೆಯಲ್ಲಿ ಮಂಡಿಯೂರಿ ಕುಳಿತು, ಇದ್ದ ಜಾಗದಲ್ಲೇ ಜೋಳಿಗೆಯ ಬಾಯಿ ತೆರೆದ.

ಒಳಗೆ ಒಂದು ಹಿಡಿ ರಾಗಿ ಇತ್ತು.